ಬಾಗಿಲು ಕಾಣುವ ಜಾಗ

ಬಸ್ ಸ್ಟಾಪಿನ ಬೆಂಚಿನಲ್ಲಿ ದರ್ಜಿಯಮ್ಮನ ಪಕ್ಕ ಒಬ್ಬ ಟೀಚರಮ್ಮ, ಅವಳಾಚೆ ಮಕ್ಕಳ ಆಸ್ಪತ್ರೆಯ ನರ್ಸಮ್ಮ ಕೂತಿದ್ದರು. ದರ್ಜಿಯಮ್ಮ ಮೊಬೈಲು ನೋಡುವ ನೆಪದಲ್ಲಿ ಕಿವಿಯನ್ನು ಅತ್ತಲೇ ಇಟ್ಟಿದ್ದಳು.

“ಆ ಹುಡುಗಿ ಕೈ ಮೇಲಿನ ಬರೆ ಮೊದಲು ಕಂಡಿದ್ದು ನನಗೆ. ಬಾಯಿಬಿಟ್ಟಿದ್ದು ಮಾತ್ರ ನಿಮ್ಮ ಹತ್ರ,” ಎಂದಳು ಟೀಚರಮ್ಮ.

“ಅದಕ್ಕೆ ಹೊಟ್ಟೆಕಿಚ್ಚಾ?”

“ಇಲ್ದೆ ಇರುತ್ತಾ? ಎರಡು ವರ್ಷದಿಂದ ಅವಳಿಗೆ ಜಡೆ ಹಾಕ್ತಿರೋಳು ನಾನು. ಏನಂದ್ಲು?”

“ಬಸ್ ಸ್ಟಾಪಲ್ಲಿ ಹೇಳೋದಲ್ಲ ಅದು. ಅವಳ ವಿಷಯಕ್ಕೇ ನಾಳೆ ಆಸ್ಪತ್ರೆಲಿ ಮೀಟಿಂಗಿದೆ. ಡಾಕ್ಟರು, ನಿಮ್ಮ ಹೆಡ್‌ಮಿಸ್ಸು, ನಾನು. ಅಷ್ಟೇ ಜನ.”

“ಹೆಡ್‌ಮಿಸ್ಸಿಗೆ ಅವಳ ಮುಖವೂ ಗೊತ್ತಿಲ್ಲ.”

ನರ್ಸಮ್ಮ ಟೀಚರಮ್ಮನ ಕಡೆ ವಾಲಿದಳು. “ಒಂದು ಹೇಳ್ತೀನಿ. ಕ್ಲಾಸಲ್ಲಿ ಅವಳನ್ನ ಬಾಗಿಲು ಕಾಣೋ ಜಾಗದಲ್ಲಿ ಕೂರಿಸಿ.”

“ಅಲ್ಲೇ ಕೂರ್ತಾಳೆ. ನಾನು ಯಾವತ್ತೋ ಕೂರಿಸಿದೀನಿ.”

“ಹೌದಾ? ಏನು ನೋಡಿ ಕೂರಿಸಿದ್ರಿ?”

“ಬಸ್ ಸ್ಟಾಪಲ್ಲಿ ಹೇಳೋದಲ್ಲ ಅದು.”

ನರ್ಸಮ್ಮನ ಮುಖ ಸಣ್ಣದಾಯಿತು. ಆಮೇಲೆ ನಕ್ಕುಬಿಟ್ಟಳು. “ನಾಳೆ ಮೀಟಿಂಗಿಗೆ ನೀವೂ ಬನ್ನಿ. ಡಾಕ್ಟರಿಗೆ ನಾನು ಹೇಳ್ತೀನಿ.”

ಬಸ್ಸು ಬಂತು. ಇಬ್ಬರೂ ಹತ್ತಿ ಒಂದೇ ಸೀಟಿನಲ್ಲಿ ಕೂತರು. ಯಾರ ಮಗು ಎಂದು ಕೊನೆಗೂ ಗೊತ್ತಾಗದ ದರ್ಜಿಯಮ್ಮನಿಗೆ ಟೀಚರಮ್ಮನ ಹೊಟ್ಟೆಕಿಚ್ಚು ಹತ್ತಿಕೊಂಡಿತು.