ಗಾಳಿಯಲ್ಲಿ ಹೆಣೆದ ಜಡೆ

ಮಂಚೇನಹಳ್ಳಿ ದಾಟಿ ಬೆಟ್ಟದ ಬುಡಕ್ಕೆ ಹೋದರೆ ಸಿಗುವ ಆರೋಗ್ಯಧಾಮದಲ್ಲಿ ಆ ಸಂಜೆ ಮಳೆ ಹಿಡಿದುಕೊಂಡಿತ್ತು. ಕರೆಂಟು ಹೋಗಿತ್ತು. ಮಾರನೆಯ ಬೆಳಗಿನಿಂದ ಮೌನವ್ರತ. ಫೋನುಗಳನ್ನು ಆಫೀಸಿನಲ್ಲಿ ಒಪ್ಪಿಸಿ ಬಂದಿದ್ದ ಹೊಸಬರೆಲ್ಲ ಊಟದ ಮನೆಯ ಪಡಸಾಲೆಯಲ್ಲಿ ಕೂತು ಕಷಾಯ ಕುಡಿಯುತ್ತಿದ್ದರು. ಧಾಮ ನಡೆಸುವ ಚನ್ನಕೇಶವನ ತಾಯಿ ಅಮ್ಮಾಜಮ್ಮ ಲಾಟೀನು ತಂದಿಟ್ಟು, ಗೋಡೆಗೊರಗಿ ಕಾಲು ಚಾಚಿದರು.

"ಇಲ್ಲಿ ತುಂಬಾ ನೆಮ್ಮದಿ ಅಂತಾರಲ್ಲ ಅಜ್ಜಿ, ನಿಜವಾ?" ಅಂತ ಯಾರೋ ಕೇಳಿದರು. ಅಜ್ಜಿ ಲಾಟೀನಿನ ಬತ್ತಿ ತಗ್ಗಿಸಿದರು. ಆಮೇಲೆ ಶುರು ಮಾಡಿದರು.

ನೆಮ್ಮದಿ ಐತಪ್ಪ, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿಗೆ ಬಂದು ನೆಮ್ಮದಿ ಕಳ್ಕೊಂಡೋಳೂ ಒಬ್ಬಳವಳೆ... ಚಿಂತಾಮಣಿ ವರಲಕ್ಷ್ಮಿ. ಹೈಸ್ಕೂಲು ಮೇಡಮ್ಮು. ತಾಯಿ ಸತ್ತಾಗ ತಂಗಿ ಯಾಮಿನಿ ಇನ್ನೂ ಅಂಬೆಗಾಲಿಕ್ಕೋ ಕೂಸು. ಉಣ್ಣಿಸಿ, ಜಡೆ ಹಾಕಿ, ಎದೆ ಮೇಲೆ ಮಲಗಿಸ್ಕೊಂಡು ಸಾಕ್ದೋಳು ಇವಳೇ. ಅಂಥಾ ತಂಗಿ ಮೇಲೆ ಯಾಕೆ ಮುನಿಸ್ಕೊಂಡ್ಲು ಅಂತೀರಾ? ವರಲಕ್ಷ್ಮೀನ ನೋಡೋಕೆ ತೊಂಡೇಬಾವಿಯಿಂದ ಕನಕರಾಜ್ ಅಂತ ಗಂಡು ಬಂದ. ಮಾತುಕತೆ ಎಲ್ಲಾ ಆಗಿ, ಇವಳು ಮನಸ್ಸಲ್ಲೇ ಸಂಸಾರ ಕಟ್ಕೊಂಡ ಮೇಲೆ, ಕಾಫಿ ತಂದ್ಕೊಟ್ಟ ತಂಗೀನ ಒಪ್ಪಿದ್ದೀನಿ ಅಂದ. ತಂಗೀನೂ ಹೂಂ ಅಂದ್ಬಿಟ್ಲು! ಮದುವೆ ದಿನ ಇವಳು ಅಂದಿದ್ದು ಒಂದೇ ಮಾತಂತೆ, "ಇನ್ಮೇಲೆ ನಿನ್ನ ಮುಖ ನನಗೆ ತೋರಿಸಬೇಡ ಕಣೇ."

ಆಮೇಲೆ ವರ್ಷಗಟ್ಟಲೆ ಫೋನಿಲ್ಲ, ಹೋಗಿಬರೋದಿಲ್ಲ. ಕೋಪ ಸುಮ್ನೆ ಬಿಡ್ತದಾ? ನಿದ್ದೆ ತಿಂದ್ಬಿಡ್ತು. ದಸರಾ ರಜ ಸಿಕ್ಕಿದ್ದೇ, ಯಾರಿಗೂ ಹೇಳ್ದೆ, ಇಲ್ಲಿಗೆ ಬಂದು ಫೋನು ಒಪ್ಪಿಸಿ ಮೌನಕ್ಕೆ ಕೂತ್ಲು.

ಮೌನ ಮುಗಿಯೋ ಹಿಂದಿನ ದಿನ ಸಾಯಂಕಾಲ, ಧ್ಯಾನದ ಹಾಲಲ್ಲಿ ಕಣ್ಣು ಬಿಟ್ರೆ... ಪಕ್ಕದಲ್ಲಿ ಯಾಮಿನಿ! ಕೂದಲು ಕೆದರಿ, ಮುಖ ಬಾಡಿ, ಕಣ್ಣು ಮಾತ್ರ ಅಕ್ಕನ ಮೇಲೆ. ವರಲಕ್ಷ್ಮಿಗೆ ಮೊದಲು ಸಿಟ್ಟೇ ಬಂತು. ನಾನಿಲ್ಲಿರೋದು ಇವಳಿಗೆ ಯಾರು ಹೇಳಿದ್ರು? ಎದ್ದು ಹೊರಗೆ ಬಂದ್ಲು. ಅವಳೂ ಹಿಂದೇನೇ ಬಂದ್ಲು. ಅಲ್ಲಿ ಹೊಂಗೆಮರದ ಕೆಳಗೆ ಕಲ್ಲುಬೆಂಚು ಐತಲ್ಲ, ಇವಳು ಅದರ ಮೇಲೆ ಕೂತ್ರೆ, ಅವಳು ಕೆಳಗೆ ಕೂತು, ಸಣ್ಣವಳಿದ್ದಾಗ ಜಡೆ ಹಾಕಿಸ್ಕೊಳ್ಳೋಕೆ ಕೂರ್ತಿದ್ಲಲ್ಲ, ಹಾಗೇ ಬೆನ್ನು ಕೊಟ್ಲು. ಎಂಥಾ ಕೋಪ ಆದ್ರೂ ಅಲ್ಲಿ ನಿಲ್ತದಾ ಹೇಳಿ? ವರಲಕ್ಷ್ಮಿ ಕೈ ತಾನಾಗೇ ಹೋಯ್ತು. ನೆತ್ತಿ ಮುಟ್ಟಿದ್ರೆ ಕೆಂಡದಂಗೆ ಸುಡ್ತಿತ್ತಂತೆ. ಸಿಕ್ಕು ಬಿಡಿಸಿ, ಜಡೆ ಹೆಣೆದು, ತನ್ನ ಸೀರೆ ಅಂಚಿಂದ ಒಂದು ನೀಲಿ ಎಳೆ ಕಿತ್ತು ತುದಿಗೆ ಕಟ್ಟಿದ್ಲು.

ನಾನು ಆಗ ಕಷಾಯಕ್ಕೆ ನಿಂಬೆಹುಲ್ಲು ಕುಯ್ಕೊಂಡು ಅದೇ ದಾರೀಲಿ ಬರ್ತಿದ್ದೆ ಕಣ್ರಪ್ಪಾ. ನನಗೆ ಕಂಡಿದ್ದೇನು ಗೊತ್ತಾ? ಬೆಂಚಿನ ಮೇಲೆ ವರಲಕ್ಷ್ಮಿ ಒಬ್ಬಳೇ. ಮುಂದೆ ಯಾರೂ ಇಲ್ಲ. ಬರೀ ಗಾಳೀಲಿ ಜಡೆ ಹೆಣೀತವಳೆ... ಕಣ್ಣಲ್ಲಿ ಧಾರಾಕಾರ ನೀರು.

ಅವಳಿಗೆ ಮಾತ್ರ ತಂಗಿ ಕಾಣ್ತಿದ್ಲು. ಜಡೆ ಮುಗಿದ ಮೇಲೆ ಯಾಮಿನಿ ತಿರುಗಿ, "ಅಕ್ಕಾ, ನಾನು..." ಅಂತ ಬಾಯಿ ತೆರೆದ್ಲಂತೆ. ವರಲಕ್ಷ್ಮಿ ಆ ಬಾಯಿ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದ್ಲು. ಕೋಪಕ್ಕಲ್ಲ ಕಣ್ರಮ್ಮಾ... ಮೌನ ಅಲ್ವಾ? ಇಷ್ಟು ದಿನ ಹಿಡಿದ ವ್ರತ ಯಾಕೆ ಮುರೀಬೇಕು, ಬೆಳಗಾದ್ರೆ ಮನಸ್ಸು ತುಂಬಾ ಮಾತಾಡಣ ಅಂತ. ಯಾಮಿನಿ ಅಕ್ಕನ ಅಂಗೈಗೆ ಮುಖ ಒತ್ತಿ, ಎದ್ದು, ದ್ರಾಕ್ಷಿ ತೋಟದ ಕಡೆ ಹೋದ್ಲು. ಆ ರಾತ್ರಿ ವರಲಕ್ಷ್ಮಿಗೆ ಎಷ್ಟೋ ವರ್ಷದ ಮೇಲೆ ಒಳ್ಳೇ ನಿದ್ದೆ ಬಂತು.

ಬೆಳಿಗ್ಗೆ ಮೌನ ಬಿಟ್ಟಿದ್ದೇ ನಗ್ತಾ ಆಫೀಸಿಗೆ ಬಂದ್ಲು, "ನಮ್ಮ ಯಾಮಿನಿ ಯಾವ ರೂಮಲ್ಲವಳೆ?" ಅಂತ. "ಆ ಹೆಸರಿನೋರು ಯಾರೂ ಬಂದಿಲ್ಲ ಮೇಡಂ" ಅಂದ ನನ್ನ ಮಗ. ಅವನು ಕೊಟ್ಟ ಫೋನು ಆನ್ ಮಾಡ್ತಿದ್ದಂಗೇ ಕನಕರಾಜನ ಕರೆ. ಅವನು ಅಳ್ತಾ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸ್ತು. "ಡೆಂಗ್ಯೂ, ಅತ್ತಿಗೆ... ಜ್ವರದಲ್ಲಿ ನಿಮ್ಮನ್ನೇ ಕೂಗ್ತಿದ್ಲು. ಎಷ್ಟು ಸಲ ಮಾಡಿದ್ರೂ ನಿಮ್ಮದು ಸ್ವಿಚ್ ಆಫು. ನಿನ್ನೆ ಸಾಯಂಕಾಲ ಹೋಗ್ಬಿಟ್ಲು..."

ತೊಂಡೇಬಾವಿಗೆ ನಾವೇ ಕಾರಲ್ಲಿ ಕರ್ಕೊಂಡು ಹೋದ್ವಿ. ಅಂಗಳದಲ್ಲಿ ಮಲಗಿಸಿದ್ರು. ಮುತ್ತೈದೆ ಅಂತ ಹೂ ಮುಡಿಸೋಕೆ ತಲೆ ಎತ್ತಿದ್ರೆ... ಚೆನ್ನಾಗಿ ಹೆಣೆದ ಜಡೆ. ತುದೀಲಿ ನೀಲಿ ಎಳೆ. "ಆಸ್ಪತ್ರೇಲಿ ತಲೆ ಮುಟ್ಟೋಕೇ ಬಿಡ್ತಿರಲಿಲ್ಲ, ಜಡೆ ಯಾರು ಹಾಕಿದ್ರು?" ಅಂತ ಕನಕರಾಜ ಎಲ್ಲರನ್ನೂ ಕೇಳ್ತಾನೆ. ವರಲಕ್ಷ್ಮಿ ಆ ಜಡೇನ ಎದೆಗೊತ್ಕೊಂಡು, "ಮಾತಾಡೇ ನನ್ನವ್ವಾ, ಈಗ ಮಾತಾಡೇ..." ಅಂತ ಕೂಗಿದ ಕೂಗು... ಬೇಡ ಬಿಡಿ.

ಆವತ್ತಿಂದ ಪ್ರತಿ ದಸರಾ ರಜಕ್ಕೂ ಬರ್ತಾಳೆ. ಧ್ಯಾನಕ್ಕೆ ಕೂರಲ್ಲ. ಆ ಬೆಂಚಿನ ಮೇಲೆ ಕೂತು, "ಅದೇನು ಹೇಳ್ಬೇಕಿತ್ತು ಹೇಳೇ" ಅಂತ ಕೇಳ್ತಾನೇ ಇರ್ತಾಳೆ. ಈ ಸಲಾನೂ ಬಂದವಳೆ... ಈಗ ಮಳೆ ಹನಿಯೋಕೆ ಶುರುವಾದಾಗ ಒಳಗೆ ಕರೆಯೋಣ ಅಂತ ನಾನು ಹೋಗಿದ್ದೆ. ವರಲಕ್ಷ್ಮಿ ತುಟಿ ಬಿಗಿದು ಕೂತಿದ್ಲು. ಯಾರೂ ಇಲ್ಲದ ಅವಳ ಕಾಲ ಬುಡದಿಂದ ಮಾತು ಮಾತ್ರ ಕೇಳ್ತಿತ್ತು. "ಅಕ್ಕಾ, ನಾನು... ಅಕ್ಕಾ, ನಾನು..." ಅಷ್ಟೇ. ಅದರ ಮುಂದಕ್ಕೆ ಹೋಗೋಕೆ ಇನ್ನೂ ಆಗ್ತಿಲ್ಲ, ಪಾಪ, ಆ ಮಗೂಗೆ.