ದೂರದ್ದು ಎಂದು ಬರೆದ ಕರೆ

ಸಂಜೆ ಪಾಳಿ ಮುಗಿದಿತ್ತು, ಮಳೆ ಮಾತ್ರ ಬಿಡುವ ಹಾಗೆ ಕಾಣಲಿಲ್ಲ. ಬಂದರಿನ ರೇಡಿಯೋ ಕೋಣೆಯಲ್ಲಿ ನಾವು ಐದು ಜನ ಕುರ್ಚಿ ಎಳೆದುಕೊಂಡು ಕೂತೆವು. ನಿವೃತ್ತಿಯಾದರೂ ದಿನಾ ಬಂದು ಮೂಲೆಯ ಹಳೇ ಸೆಟ್ಟಿನ ಪಕ್ಕ ಕೂರುವ ಆಪರೇಟರ್ ಅಜ್ಜ ಕನ್ನಡಕ ತೆಗೆದು ಶುರುಮಾಡಿದ.

"ನಡುವೆ ಬಾಯಿ ಹಾಕೋರು ಈಗಲೇ ಎದ್ದು ಹೋಗಿ, ನೆನೆದ್ರೂ ಸರಿ... ಗಾಳಿ ನಿಂತುಹೋಗಿ, ತಣ್ಣಗಿನ ಸಮುದ್ರದ ಮೇಲೆ ನೆಲದ ಕಡೆಯ ಬಿಸಿಗಾಳಿ ಚಾವಣಿ ಹಾಕಿದ ಹಾಗೆ ಕೂತುಬಿಟ್ರೆ, ರೇಡಿಯೋ ದನಿ ಮೇಲಕ್ಕೆ ಹೋಗದೆ ಅದರಡೀಲೇ ಜಾರಿ ಜಾರಿ ನೂರಾರು ಮೈಲಿ ಬರುತ್ತೆ, ಎಲ್ಲಿಯದೋ ದೋಣಿಯವನು ಗೋಡೆ ಆಚೆ ನಿಂತು ಮಾತಾಡಿದ ಹಾಗೆ. ಅಂಥ ದಿನ ಹೆಸರು ಹೇಳದ ಕರೆಗಳನ್ನೆಲ್ಲ ಪುಸ್ತಕದಲ್ಲಿ 'ದೂರದ್ದು' ಅಂತ ಬರೆದು ಬಿಟ್ಟುಬಿಡ್ತಿದ್ವಿ. ಅವರ ಬಂದರಿನೋರು ನೋಡ್ಕೋತಾರೆ ಅಂತ. ಎಲ್ಲರೂ ಮಾಡ್ತಿದ್ದುದು ಅದನ್ನೇ.

"ಅಂಥದೇ ಒಂದು ಮಧ್ಯಾಹ್ನ ದೂರದ ದನಿಗಳನ್ನ ಕೇಳಿ ಕೇಳಿ ತಲೆ ಚಿಟ್ಟುಹಿಡಿದಿತ್ತು. ಆಗ ಒಂದು ಕರೆ... 'ನೀರು ನುಗ್ತಿದೆ, ನಾಲ್ಕು ಜನ ಇದ್ದೀವಿ, ಯಾರಾದ್ರೂ ಬನ್ನಿ.' ದೋಣಿ ಹೆಸರಿಲ್ಲ, ಜಾಗ ಇಲ್ಲ. ಕಿರುಚೋ ಮನುಷ್ಯನ ದನಿ ಗುರುತು ಹತ್ತುತ್ತಾ? 'ಯಾರು' ಅಂತ ಒಂದು ಸಲ ಕೇಳಬಹುದಿತ್ತು... ಕೇಳಲಿಲ್ಲ. ದೂರದ್ದು ಅಂತ ಬರೆದು ಊಟಕ್ಕೆ ಕೂತೆ. ದೋಣಿ ಮುಳುಗಿದ್ದು ಇಲ್ಲಿಂದ ಆರೇ ಮೈಲಿಯಲ್ಲಿ, ನಾಲ್ವರಲ್ಲಿ ಒಬ್ಬನೂ ಉಳೀಲಿಲ್ಲ. ಕರೆದವನು ನನ್ನ ತಂಗಿ ಗಂಡ.

"ತಂಗಿ ಈ ಬಾಗಿಲಲ್ಲೇ ನಿಂತು, 'ಅಣ್ಣಾ, ಅವರು ನಿನ್ನ ಕರೀಲೇ ಇಲ್ವಾ?' ಅಂದ್ಲು. 'ಇಲ್ಲಮ್ಮ, ಅವನ ರೇಡಿಯೋ ಕೆಟ್ಟಿರಬೇಕು' ಅಂದೆ. ನನ್ನ ನಾಲಿಗೆ ಬಿದ್ದುಹೋಗಬಾರದಿತ್ತಾ... ಆ ಪುಟ ಹರಿದುಹಾಕಿದೆ. ಇಪ್ಪತ್ತಾರು ವರ್ಷ ಅವಳ ಕೈಯೂಟ ಉಂಡೆ, ಬಾಯಿ ಬಿಡಲಿಲ್ಲ.

"ಅಲ್ಲಿಂದೀಚೆ ಗಾಳಿ ನಿಂತ ಮಧ್ಯಾಹ್ನ ಬಂತೂಂದ್ರೆ ಈ ಸೆಟ್ಟಿನಲ್ಲಿ ಅದೇ ಕರೆ. ತಂತಿ ಕಿತ್ತುಹಾಕಿದೆ, ಆದ್ರೂ ಬಂತು. 'ಎಲ್ಲಿದ್ದೀಯಪ್ಪ' ಅಂತ ಎಷ್ಟು ಕೂಗಿದ್ರೂ ಅವನಿಗೆ ಕೇಳಿಸ್ತಿರಲಿಲ್ಲ.

"ಹೋದ ತಿಂಗಳು ತಂಗಿ ತೀರಿಕೊಂಡ್ಲಲ್ಲ, ಆವತ್ತಿಗೆ ಅವನ ದನಿ ನಿಂತುಹೋಯ್ತು. ಸದ್ಯ, ಮುಗೀತು ಅಂದುಕೊಂಡೆ. ಕಾರ್ಯ ಎಲ್ಲ ಮುಗಿಸಿ ಇಲ್ಲಿ ಬಂದು ಕೂತೆ, ನೀವೆಲ್ಲ ಊಟಕ್ಕೆ ಹೋಗಿದ್ರಿ... ಸೆಟ್ಟು ಮಾತಾಡ್ತು. ಕಿರುಚಾಟ ಇಲ್ಲ, ಅಡುಗೆಮನೆಯಿಂದ ಕೇಳಿದ ಹಾಗೆ ಮೆತ್ತಗೆ. 'ಅಣ್ಣಾ... ಅವರು ಕರೆದಿದ್ರಂತಲ್ಲ.'

"ಏನಂತ ಹೇಳಲಿ? ಅವಳು ಗಾಳಿ ನಿಲ್ಲೋದನ್ನೂ ಕಾಯಲ್ಲ... ಈಗ, ಈ ಮಳೇಲೂ ಅದನ್ನೇ ಕೇಳ್ತಾ ಇದ್ದಾಳೆ."