ದೇವರಾಜನ ಟಿ.ವಿ.ಯಲ್ಲಿ ಅಚ್ಚಾದದ್ದು

ಶ್... ಮೆಲ್ಲಗೆ! ಮೊದ್ಲು ಆ ಬಾಗಿಲು ಮುಂದಕ್ಕೆ ಮಾಡು. ನಿನ್ನ ಸೊಸೆ ಎಲ್ಲಿ? ಮಹಡಿ ಮೇಲೆ ಬಟ್ಟೆ ಒಣಗಿಸ್ತಿದಾಳಾ? ಅಲ್ಲೇ ಇರ್ಲಿ. ಅವಳ ಕಿವಿಗೆ ಬಿದ್ರೆ ಸಂಜೆ ಕಾಫಿ ಹೊತ್ತಿಗೆ ಸುದ್ದಗುಂಟೆಪಾಳ್ಯ ದಾಟಿ ಜೆ.ಪಿ. ನಗರ ಮುಟ್ಟಿರುತ್ತೆ. ಕೂತ್ಕೋ ಮಾರಮ್ಮ. ಆ ಅವರೆಕಾಳಿನ ಪಾತ್ರೆ ಇತ್ಲಾಗೆ ತಳ್ಳು, ನಾನೂ ಹಿಸುಕ್ತೀನಿ. ಅದಕ್ಕೂ ಮುಂಚೆ ಆಣೆ ಹಾಕು. ಅಣ್ಣಮ್ಮನ ಮೇಲೆ. ಹಾಕೇ!... ಹೂಂ, ಈಗ ಸರಿ.

ಈಗ ಹೇಳ್ತೀನಿ, ಸರಿಯಾಗಿ ಕೇಳಿಸ್ಕೋ. ಇವತ್ತು ನಾಲ್ಕು ಗಂಟೆಗೆ ಸ್ಟೇಷನ್ನಿಂದ ಲೇಡಿ ಪೊಲೀಸ್ ಬರ್ತಾಳೆ. ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಲ್ಲಿದ್ದೆ ಅಂತ ನನ್ನ ಕೇಳ್ತಾಳೆ. ರಾಹುಕಾಲ, ಬನಶಂಕರಿ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ತಿದ್ದೆ, ಮಾರಮ್ಮನೂ ಜೊತೇಲಿದ್ಲು ಅಂತೀನಿ. ನಿನ್ನ ಕೇಳಿದ್ರೆ ನೀನು ಹೂಂ ಅನ್ಬೇಕು. ಅಷ್ಟೇ! ಒಂದು ಹೂಂ. ಅದಕ್ಕೆ ಯಾಕೆ ಹಂಗೆ ಕಣ್ಣು ಬಿಡ್ತೀಯಾ?

ನೀನೊಬ್ಳೇ ಹೋಗಿದ್ದೆ ಅಂತ ನಂಗೂ ಗೊತ್ತು ಕಣೆ. ಅದಕ್ಕೇ ಅಲ್ವಾ ನಿನ್ನ ಹತ್ರ ಬಂದಿರೋದು.

ಯಾರ ವಿಷಯ ಅಂತ ಕೇಳ್ತೀಯಲ್ಲ, ನಮ್ಮ ಪಕ್ಕದ್ಮನೆ ಶಾಂತಲಾದೇ! ಕೆಳಗೆ ಟೈಲರ್ ಅಂಗಡಿ ಇಟ್ಟಿದಾಳಲ್ಲ, ಬ್ಲೌಸ್ ಹೊಲಿಯೋಳು. ಗಂಡ ದೇವರಾಜ್. ಫ್ಯಾಕ್ಟರಿ ಮುಚ್ಚಿ ಎರಡು ವರ್ಷ ಆಯ್ತು, ಆ ಮಹಾರಾಯ ಸೋಫಾ ಬಿಟ್ಟು ಎದ್ದಿಲ್ಲ. ಎದ್ರೆ ಹೆಂಡ್ತಿಗೆ ಹೊಡೆಯೋಕೆ ಎದ್ದ ಅಂತಾನೇ ಲೆಕ್ಕ. ಅವರ ಮನೆಗೂ ನಮ್ಮನೆಗೂ ಒಂದೇ ಗೋಡೆ. ಅಲ್ಲಿ ಅವಳ ತಲೆ ಬಡಿದ್ರೆ ಇಲ್ಲಿ ನನ್ನ ಸಾಂಬಾರ್ ಪುಡಿ ಡಬ್ಬ ಅಲ್ಲಾಡುತ್ತೆ. ಬೆಲ್ಟು, ಪಟಾರ್! ಪಟಾರ್! ಒಂದೊಂದು ಏಟಿಗೂ ಒಂದೇ ಹೆಸರು ಕೂಗ್ತಾನೆ, ವೆಂಕಟಾಚಲ, ವೆಂಕಟಾಚಲ ಅಂತ. ದೇವರ ನಾಮ ಹೇಳೋರೂ ಅಷ್ಟು ಭಕ್ತೀಲಿ ಹೇಳಲ್ಲ.

ವೆಂಕಟಾಚಲ ಯಾರಾ? ಜಯನಗರದ ಬಟ್ಟೆ ಅಂಗಡಿಯಿಂದ ಬ್ಲೌಸ್ ಪೀಸು ತಂದು ಕೊಡೋನು ಕಣೆ. ಬಡಪಾಯಿ, ಒಂಟೆ ಥರ ಕತ್ತು. ದಿನಾ ಮಧ್ಯಾಹ್ನ ಎರಡೂ ಕಾಲಿಗೆ ಬರ್ತಾನೆ, ಗಂಟು ಇಳಿಸ್ತಾನೆ, ನೀರು ಕುಡೀತಾನೆ, ಹೋಗ್ತಾನೆ. ಎಡಗೈಲಿ ಕುಡೀತಾನೆ ಆ ಕೆಟ್ಟೋನು. ಆ ಹೊತ್ತಿಗೆ ಅಂಗಡಿ ಷಟರ್ ಅರ್ಧ ಇಳಿದಿರುತ್ತೆ. ಅರ್ಧ ಇಳಿದ ಷಟರ್ ಒಳಗೆ ಗಂಡಸು, ಹೆಂಗಸು! ನೋಡಿದೋರು ಏನಂತಾರೆ, ನೀನೇ ಹೇಳು? ಪೈಪ್ ಹಾಕೋಕೆ ರಸ್ತೆ ಅಗೆದಿದಾರೆ, ರೇಷ್ಮೆ ಮೇಲೆ ಧೂಳು ಕೂರುತ್ತೆ, ಅದಕ್ಕೆ ಇಳಿಸ್ತಿದ್ದಳಂತೆ. ಅದು ಆಮೇಲೆ ಗೊತ್ತಾಗಿದ್ದು.

ಏನಂದೆ? ಎಡಗೈ ಅಂತ ನಂಗೆ ಹೇಗೆ ಗೊತ್ತು ಅಂತಲಾ? ಮೇಲಿಂದ ಕಾಣುತ್ತಲ್ಲ. ಮೇಲಿಂದ ಅಂದ್ರೆ... ಬಾಲ್ಕನಿಯಿಂದ! ಅಯ್ಯೋ, ಕಾಳು ಹಿಸುಕು ನೀನು, ಸಿಪ್ಪೆ ಎಲ್ಲಾ ಬೇಳೆ ಜೊತೆ ಸೇರಿಸ್ತಿದೀಯಾ.

ಈ ವಿಷಯ ಯಾರೋ ದೇವರಾಜನ ಕಿವಿಗೆ ಹಾಕಿದ್ರು. ಯಾರೋ ಕಣೆ! ಬಿಲ್ಡಿಂಗಲ್ಲಿ ಹನ್ನೆರಡು ಮನೆ ಇದೆ. ಅವನು ಕಳ್ಳರ ಕಾಟ ಅಂತ ಹೇಳಿ ಅಂಗಡೀಲಿ ಕ್ಯಾಮೆರಾ ಹಾಕಿಸ್ದ. ಪಾಪ, ಅವಳು ಖುಷಿಪಟ್ಲು, ನನ್ನ ಮಿಷನ್ನಿಗೆ ಕಾವಲು ಹಾಕಿಸಿದ್ರು ಅಂತ. ಆ ಕ್ಯಾಮೆರಾದ ಚಿತ್ರ ಮೇಲೆ ಮನೆ ಟಿ.ವಿ.ಗೆ ಬರುತ್ತೆ ಅಂತ ಅವಳಿಗೇನ್ ಗೊತ್ತು? ಬೆಳಿಗ್ಗೆ ಅವಳು ಮೆಟ್ಲು ಇಳಿಯೋದೇ ತಡ, ಇವನು ಕರ್ಟನ್ ಎಳೆದು ಹಚ್ಕೊಂಡು ಕೂರ್ತಿದ್ದ. ಅವಳು ಹತ್ತಿ ಬರೋ ಸದ್ದಾದ್ರೆ ಕ್ರಿಕೆಟ್!

ಆ ಟಿ.ವಿ. ನೋಡ್ಬೇಕಿತ್ತು ನೀನು. ಡಬಲ್ ಕಾಟ್ ನಿಲ್ಲಿಸಿದ ಹಾಗಿದೆ, ದಪ್ಪ ಮಾತ್ರ ದೋಸೆಯಷ್ಟು. ಅದಕ್ಕೆ ಕಲೆ ಬಂತು. ಏನು ಹಾಕಿದ್ರೂ ಹಿಂದೆ ಏನೋ ಮಸಕು ಮಸಕು. ಈ ಪುಣ್ಯಾತ್ಮ ಸುಮ್ನಿರಬೇಕೋ ಬೇಡ್ವೋ? ಕಂಪನಿಯೋರಿಗೆ ಫೋನ್ ಮಾಡಿ, ಡಬ್ಬಾ ಮಾಲು ಕೊಟ್ಟಿದೀರಾ, ಬಂದು ನೋಡಿ ಅಂತ ಇಡೀ ಬಿಲ್ಡಿಂಗಿಗೆ ಕೇಳೋ ಹಾಗೆ ಅರಚಾಡ್ದ. ತನ್ನ ಕಳ್ಳತನ ಹಿಡಿಯೋಕೆ ತಾನೇ ಆಳು ಕರೆಸಿದ ನೋಡು!

ಶುಕ್ರವಾರ ಮೆಕ್ಯಾನಿಕ್ ಬಂದ. ಸಿದ್ದಾರೂಢ ಅಂತ, ಹುಬ್ಬಳ್ಳಿ ಕಡೆ ಹುಡುಗ, ಮೀಸೆ ಚೆನ್ನಾಗಿದೆ. ನಾನೂ ಹೋದೆ. ಸುಮ್ನೆ, ಒಂದು ಚೂರು ಹೆಪ್ಪು ಕೇಳೋಕೆ... ಯಾಕೆ ನಗ್ತೀಯಾ? ಹೆಪ್ಪಿಗೇ ಹೋಗಿದ್ದು ಕಣೆ! ಬಟ್ಟಲು ಕೈಲೇ ಇತ್ತು.

ಇದರೊಳಗೆ ಬಲ್ಬ್ ಎಲ್ಲಪ್ಪಾ ಇದೆ ಅಂತ ನಾನೇ ಕೇಳಿದೆ. ಅವನು ನಕ್ಕ. "ಬಲ್ಬ್ ಇರಂಗಿಲ್ರೀ ಅಜ್ಜಿ, ಎಲ್ಲಾ ಚುಕ್ಕಿ. ಎಂಬತ್ತು ಲಕ್ಷ ಚುಕ್ಕಿ ಅದಾವ. ಒಂದೊಂದು ಚುಕ್ಕಿ ತನ್ನಷ್ಟಕ್ಕ ತಾನ ಉರೀತೈತಿ, ಕಪ್ಪು ಬೇಕಂದ್ರ ತಾನ ಆರಿಕೊಂತೈತಿ" ಅಂದ. ಕೇಳು, ಇನ್ನೂ ಚೆನ್ನಾಗಿದೆ. ಒಳಗೆ ಉರಿಯೋದೆಲ್ಲಾ ಬರೀ ನೀಲಿಯಂತೆ! ಕೆಂಪೂ ಇಲ್ಲ, ಹಸಿರೂ ಇಲ್ಲ. ಆ ನೀಲಿ ಮೇಲೆ ಕಣ್ಣಿಗೆ ಕಾಣದ ಪುಡಿ ಬಳಿದಿರ್ತಾರಂತೆ, ಕ್ವಾಂಟಮ್ ಡಾಟ್ ಅಂತಾರಂತೆ ಅದಕ್ಕೆ. ತರಿ ಒಂಚೂರು ದಪ್ಪ ಇದ್ರೆ ನೀಲಿ ಬೆಳಕನ್ನ ನುಂಗಿ ಕೆಂಪು ಉಗುಳುತ್ತೆ. ಸಣ್ಣ ತರಿ ಆದ್ರೆ ಹಸಿರು. ಪುಡಿ ಬಳೀದೇ ಬಿಟ್ಟ ಕಡೆ ನೀಲಿ ನೀಲಿಯಾಗೇ ಬರುತ್ತೆ. ಅಂದ್ರೆ ಬನ್ಸಿ ರವೆ ಕೆಂಪು, ಚಿರೋಟಿ ರವೆ ಹಸಿರು ಅನ್ನು ಅಂದೆ. "ಅಜ್ಜಿ, ನೀವು ನಮ್ಮ ಕಂಪನಿಗೆ ಸೇರ್ರೀ" ಅಂದ ಆ ಹುಡುಗ. ಮೂರನೇ ಕ್ಲಾಸು ಓದಿದೋಳಿಗೆ!

ದೇವರಾಜನಿಗೆ ಇದೆಲ್ಲಾ ಬೇಕಿಲ್ಲ. ಹೊಸ ಟಿ.ವಿ. ಕೊಡ್ತೀರೋ ಇಲ್ವೋ ಅಂತ ಒಂದೇ ಸಮ. ಸಿದ್ದಾರೂಢ ಹೇಳ್ದ, "ಕಂಪನಿ ತಪ್ಪಿಲ್ರೀ ಸರ. ಉರಿದ ಚುಕ್ಕಿ ಸವೀತೈತಿ. ಒಂದ ಚಿತ್ರ ದಿನಾ ಹಚ್ಚಿಟ್ರ ಅಲ್ಲಿ ಬೆಳ್ಳಗಿದ್ದ ಜಾಗ ಹೆಚ್ಚು ಸವೀತೈತಿ, ಕರ್ರಗಿದ್ದಲ್ಲಿ ಸವೆಯಂಗಿಲ್ಲ. ರಿಮೋಟಿಂದ ಆರಿಸಿ ಬಿಟ್ರ ಅದು ತನ್ನ ಸವಕಳಿ ತಾನ ಅಳತಿ ಮಾಡಿ ಸರಿ ಮಾಡ್ಕೊಂತೈತಿ. ನೀವು ಗೋಡಿ ಸ್ವಿಚ್ ಆರಿಸ್ತೀರೇನು?" ಆರಿಸ್ದೇ ಇರ್ತಾನಾ? ನಮ್ಮ ಕಡೆ ಯಾರು ತಾನೇ ಗೋಡೆ ಸ್ವಿಚ್ ಆರಿಸದೆ ಏಳ್ತಾರೆ? ಕರೆಂಟ್ ಉಳಿಸೋಕೆ ಅಂತ ಒಂದು ವರ್ಷ ದಿನಾ ಪಟಕ್ ಅನ್ನಿಸಿದಾನೆ. ಅದಕ್ಕೆ ತನ್ನ ಗಾಯ ನೆಕ್ಕಿಕೊಳ್ಳೋಕೂ ಬಿಟ್ಟಿಲ್ಲ.

ಅಷ್ಟು ಹೊತ್ತಿಗೆ ಶಾಂತಲಾ ಕೆಳಗಿಂದ ಬಂದು ಮೆಕ್ಯಾನಿಕ್ಕಿಗೆ ಕಾಫಿ ತಂದ್ಲು, ಚೆಂಬು ತುಂಬಾ. ನನ್ನ ಬಟ್ಟಲಿಗೂ ಹೆಪ್ಪು ಹಾಕಿ ಕೊಟ್ಲು. ಸಿದ್ದಾರೂಢ "ತಡೀರಿ, ಏನು ಅಚ್ಚಾಗೇತಿ ತೋರಿಸ್ತೀನಿ" ಅಂತ ಪರದೆ ತುಂಬಾ ಬೂದಿ ಬಣ್ಣ ಹಾಕ್ದ. ಬರೀ ಬೂದಿ, ಬೇರೇನೂ ಇಲ್ಲ. ಆ ಬೂದಿಯೊಳಗಿಂದ ಮೆಲ್ಲಗೆ... ಅಯ್ಯಪ್ಪಾ ಮಾರಮ್ಮ! ಟ್ಯೂಬ್‌ಲೈಟು. ಕತ್ತರಿಸೋ ಟೇಬಲ್ಲು. ಅರ್ಧ ಇಳಿದ ಷಟರ್, ಅದರ ಕೆಳಗೆ ಬಿಸಿಲು ಬೀಳೋ ಪಟ್ಟಿ. ಎಲ್ಲಾ ತಿರುವುಮುರುವು, ಬೆಳಕಿದ್ದದ್ದು ಕಪ್ಪಗೆ, ಕಪ್ಪಿದ್ದದ್ದು ತಿಳಿಯಾಗಿ. ನಡುವೆ ಮಿಷನ್ ಮುಂದೆ ತಲೆ ಬಗ್ಗಿಸಿ ಕೂತಿರೋ ಒಂದು ಹೆಂಗಸಿನ ಆಕಾರ. ಕಣ್ಣಿಲ್ಲ, ಮೂಗಿಲ್ಲ. ಅವಳೇ! ಒಂದು ವರ್ಷ ಒಂದೇ ಕಡೆ ಕೂತು ಹೊಲಿದಿದಾಳಲ್ಲ, ಅವಳ ಕಪ್ಪು ತಲೆ ಇದ್ದ ಜಾಗ ಸವೆದೇ ಇಲ್ಲ.

ಸಿದ್ದಾರೂಢನಿಗೆ ಏನೂ ಹೊಳೀಲಿಲ್ಲ. "ಕ್ಯಾಮೆರಾ ಹಚ್ಚಿ ಕುಂದರ್ತೀರಿ ಅಂತ ಕಾಣ್ತೈತಿ. ಓಡಾಡೋದು ಅಚ್ಚಾಗಂಗಿಲ್ರೀ, ಒಂದ ಕಡೆ ಇದ್ದದ್ದಷ್ಟ ಅಚ್ಚಾಗತೈತಿ" ಅಂದು, ಫಾರಂ ತರೋಕೆ ಕೆಳಗೆ ಬೈಕಿಗೆ ಹೋದ.

ಅವನು ಹೋದ ಮೇಲೆ ಶಾಂತಲಾ ಟಿ.ವಿ. ಹತ್ರ ಬಂದ್ಲು. ಅತ್ಲಾ? ಇಲ್ಲ ಕಣೆ, ನಕ್ಳು! ಆ ನಗು ಯಾವ ಹೆಂಗಸಿನ ಬಾಯಲ್ಲೂ ನಾನು ಕೇಳಿಲ್ಲ. "ಒಂದು ವರ್ಷ ಅವನ ಹೆಸರು ಹೇಳಿ ಹೊಡೆದೆ. ನಿನ್ನ ಟಿ.ವಿ.ನೇ ಹೇಳ್ತಿದೆ, ಕೂತಿದ್ದೋಳು ನಾನೊಬ್ಳೇ. ಎಲ್ಲಿದಾನೆ ವೆಂಕಟಾಚಲ? ತೋರ್ಸು! ಒಂದು ಕೂದ್ಲು ತೋರ್ಸು!" ಅಂತ ಆ ಬೂದಿ ಮೇಲೆ ಬೆರಳಲ್ಲಿ ತಡಕ್ತಾಳೆ. ನಿಜ ನೋಡು, ಎರಡು ನಿಮಿಷ ನಿಂತು ಹೋಗೋನ ಅಚ್ಚು ಎಲ್ಲಿಂದ ಬರ್ಬೇಕು?

ದೇವರಾಜ ಜಡೆಗೇ ಕೈ ಹಾಕ್ದ. ಎಳೆದು ಮುಖಾನ ಟಿ.ವಿ.ಗೆ ಗುದ್ದಿಸ್ದ. ಒಂದ್ಸಲ. ಇನ್ನೊಂದ್ಸಲ. ಗಾಜು ಚಟ್ ಅಂತು, ಒಳಗಿಂದ ಕೆಂಪು ಗೆರೆ, ಹಸಿರು ಗೆರೆ, ಅದರ ಮೇಲೆ ಅವಳ ಹುಬ್ಬಿನ ರಕ್ತ ಇಳೀತಾ ಇದೆ. ಏಟಿಗೊಂದು ಮಾತು ಕೂಗ್ದ. ಏನಂತ? ನಂಗೆ ಕೇಳಿಸ್ಲಿಲ್ಲಪ್ಪ. ಕೆಳಗೆ ಬಿದ್ಲು. ಬಲಗೈ ನೆಲಕ್ಕೊತ್ತಿ ಹಿಮ್ಮಡೀಲಿ ತುಳಿದ. ಹೊಲಿಯೋ ಕೈ ಕಣೆ ಅದು! ಹಸಿ ಅವರೆಕಾಯಿ ಮುರಿದ ಹಾಗೆ ಲಟ್ ಅಂತು, ಎರಡು ಬೆರಳು. ಇನ್ನೊಂದ್ಸಲ ಕಾಲೆತ್ತಿದ. ಅಷ್ಟರಲ್ಲಿ ಅವಳ ಎಡಗೈಗೆ ಕಾಫಿ ಚೆಂಬು ಸಿಕ್ತು. ಬೀಸಿದಳು ನೋಡು! ಬಿಸಿ ಕಾಫಿ ಕಣ್ಣಿಗೆ, ಚೆಂಬು ಬಾಯಿಗೆ. ಮುಂದಿನ ಎರಡು ಹಲ್ಲು ನನ್ನ ಕಾಲ ಹತ್ರ ಉರುಳಿ ಬಂತು. ಕಡ್ಲೆಕಾಯಿ ಬೀಜದ ಹಾಗೆ.

ನಾನಾ? ನಾನು ಬಾಗಿಲಲ್ಲೇ ನಿಂತಿದ್ದೆ. ಕೂಗ್ಲಿಲ್ಲ. ಬಟ್ಟಲಿನ ಹೆಪ್ಪು ಒಂದು ಹನೀನೂ ಚೆಲ್ಲಲಿಲ್ಲ ಅಂದ್ರೆ ನೋಡು ನೀನು.

ಸಿದ್ದಾರೂಢ ಮೇಲೆ ಬಂದಾಗ ಅವನು ಕಂಡದ್ದು ಚೆಂಬು ಹಿಡಿದು ನಿಂತ ಅವಳನ್ನ, ಬಾಯಲ್ಲಿ ರಕ್ತ ಸುರಿಸ್ತಿದ್ದ ಇವನನ್ನ. ಅಷ್ಟೇ. ಅವನೇ ಪೊಲೀಸಿಗೆ ಫೋನ್ ಮಾಡ್ದ. ಈಗ ದೇವರಾಜ ಸ್ಟೇಷನ್ನಲ್ಲಿ ಬರೆಸಿದಾನೆ, ಅವಳೇ ಮೊದ್ಲು ಹೊಡೆದಿದ್ದು, ಟಿ.ವಿ. ಒಡೆದಿದ್ದೂ ಅವಳೇ, ಆ ಗಾಜಿನ ಮೇಲೆ ಬಿದ್ದೇ ಕೈ ಮುರೀತು ಅಂತ. ಯಾರೂ ಸಾಕ್ಷಿ ಹೇಳದೆ ಹೋದ್ರೆ ಅವನು ಮನೆಗೆ ಬರ್ತಾನೆ, ಅವಳು ಕೋರ್ಟಿಗೆ ಅಲೀತಾಳೆ. ಮನೆಗೆ ಬಂದ ಮೇಲೆ ಬಿಡ್ತಾನಾ? ಕೊಲ್ತಾನೆ. ಅದು ನಂಗೂ ಗೊತ್ತು ಕಣೆ!

ನೋಡಿರೋಳು ನಾನೊಬ್ಳೇ ಹೌದು. ಸಿದ್ದಾರೂಢ ಯಾರೋ ಅಜ್ಜಿ ಇದ್ರು ಅಂದಿದಾನಂತೆ. ಈ ಬೀದೀಲಿ ಅಜ್ಜಿಯರಿಗೇನು ಬರ? ನಿನ್ನದೊಂದು ಹೂಂ ಸಿಕ್ರೆ ನಾನು ಗುಡೀಲಿದ್ದೆ.

ಯಾಕೆ ಕೈ ನಿಲ್ಲಿಸ್ದೆ?

ಯಾಕೆ ಹೇಳಲ್ಲ ಅಂದ್ರೆ... ವಯಸ್ಸಾಗಿದೆ, ಕೋರ್ಟು ಮೆಟ್ಲು ಹತ್ತೋಕಾಗಲ್ಲ, ಮಂಡಿ ನೋವು. ಮಹಡಿ ಹತ್ತಿ ಹೆಪ್ಪಿಗೆ ಹೋಗ್ತೀಯಲ್ಲ ಅಂದ್ಯಾ? ಅದೇ ಮಹಡಿ ಕಣೆ, ಪಕ್ಕದ ಬಾಗಿಲು! ಏನೇ, ನೀನೂ ಪೊಲೀಸಾ?

ಮಾರಮ್ಮ... ಅತ್ಲಾಗೆ ತಿರುಗಬೇಡ. ಬಯ್ಯಿ ಬೇಕಾದ್ರೆ.

ಸರಿ. ಬಾಲ್ಕನಿಯಿಂದ ಅಂಗಡಿ ಒಳಗೆ ಕಾಣಲ್ಲ. ಸಾಕಾ? ಮಧ್ಯಾಹ್ನ ಹೊತ್ತು ಹೋಗಲ್ಲ ಅಂತ ದೇವರಾಜನ ಸೋಫಾ ತುದೀಲಿ ಕೂತು ಆ ಟಿ.ವಿ. ನೋಡ್ತಿದ್ದೆ. ಕರ್ಟನ್ ಹಾಕಿರೋದು, ಫ್ಯಾನ್ ಗಾಳಿ ತಣ್ಣಗೆ. ನೀರು ಕೊಡ್ತಾ ಅವಳು ನಕ್ಳು ನೋಡು ಅಂತಿದ್ದೆ. ನಗಲಿಲ್ವೇನೋ, ಯಾರಿಗೆ ಗೊತ್ತು, ಅಷ್ಟು ಚಿಕ್ಕದಾಗಿ ಕಾಣೋ ಮುಖದಲ್ಲಿ! ಅವನು ಕೇಳಿಸ್ಕೊಂಡ. ನನ್ನ ಮಾತು ಬೇರೆ ಯಾರು ಕೂತು ಕೇಳ್ತಾರೆ ಈ ಕಾಲದಲ್ಲಿ? ಕ್ಯಾಮೆರಾಕ್ಕೆ ಮುಂಚೆ ಷಟರ್ ವಿಷಯ ಕಿವಿಗೆ ಹಾಕಿದ್ದು... ಹೂಂ. ಗುದ್ದಿಸ್ತಾ ಅವನು ಕೂಗಿದ್ದೂ ಕೇಳಿಸ್ತು ನಂಗೆ. "ಅಜ್ಜಿ ಸುಳ್ಳು ಹೇಳ್ತಾರೇನೇ? ಅಜ್ಜಿ ಸುಳ್ಳು ಹೇಳ್ತಾರೇನೇ?" ಅಂತ. ಅವಳ ಕಿವೀನೂ ಅಲ್ಲೇ ಇತ್ತಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಯಿಂದ ಬಂದು ನೆಟ್ಟಗೆ ನನ್ನ ಬಾಗಿಲಿಗೇ ಬಂದ್ಲು. ಕೈಗೆ ಮೊಣಕೈವರೆಗೂ ಪ್ಲಾಸ್ಟರ್, ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿದೆ. ಈಗ ಶಾಪ ಹಾಕ್ತಾಳೆ, ಮುಖಕ್ಕೆ ಉಗೀತಾಳೆ ಅಂತ ನಾನು ಸೆರಗು ಹಿಡ್ಕೊಂಡು ನಿಂತೆ. ಉಗೀಲಿಲ್ಲ. ಧ್ವನಿ ಕೂಡ ಏರಿಸ್ಲಿಲ್ಲ. ಇನ್ನೊಂದು ಕಣ್ಣಲ್ಲಿ ನನ್ನನ್ನೇ ನೋಡ್ತಾ ಹೇಳಿದಳು:

"ಅಜ್ಜಿ, ಕಾಣದೇ ಇದ್ದದ್ದನ್ನ ಒಂದು ವರ್ಷ ದಿನಾ ಹೋಗಿ ಅವನಿಗೆ ಹೇಳಿದ್ರಿ. ಕಂಡಿದ್ದನ್ನ ಒಂದೇ ಒಂದು ಸಲ ಹೇಳಿ."